ಕುಳ್ಳಿ ಗುಲಾಬಿ ಮತ್ತು ಸೊಟ್ಟ ಗೋಡೆ

ಮಸೂತಿ ಊರಿನ ನಮ್ಮ ಹಿತ್ತಲಿನ ಅಡ್ಡಗೋಡೆ ಸೊಟ್ಟಗಿದೆ. ಇದ್ದರೆ ಇರಲಿ. ಹಿಂಬಾಗಿಲಿನ ಪಕ್ಕದಿಂದ ಹೊರಟು ಬೇವಿನ ಮರದ ಕಡೆಗೆ ನೆಟ್ಟಗೆ ಹೋಗುವ ಗೋಡೆ ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಅಪ್ಪನ ತಮ್ಮ, ನನ್ನ ಕಾಕಾನ ಪಾಲಿನ ಕಡೆಗೆ ಹೊಟ್ಟೆ ಚಾಚುತ್ತದೆ, ಏನನ್ನೋ ಬಳಸಿಕೊಂಡು ಮತ್ತೆ ತನ್ನ ದಾರಿ ಹಿಡಿಯುತ್ತದೆ. ಮನೆಗೆ ಹೊಸಬರು ಯಾರು ಬಂದರೂ ಮೊದಲು ಕೇಳುವುದು, ಕಟ್ಟಿದ ಗೌಂಡಿ ಕುಡಿದಿದ್ದನೇ ಎಂದು. ಅವನು ಕುಡಿದಿರಲಿಲ್ಲ. ಆ ದಿನ ಅಲ್ಲಿದ್ದವರೆಲ್ಲರಿಗೂ ಮೈಮೇಲೆ ಪೂರ್ತಿ ಎಚ್ಚರವಿತ್ತು. ನಾನು ಮೋಜಣಿ ಕಚೇರಿಯಲ್ಲಿ ಕೆಲಸ ಮಾಡುವವಳು. ಸಿಂದಗಿ, ಇಂಡಿ, ಈಗ ಮುದ್ದೇಬಿಹಾಳ ಎಂದು ಊರೂರು ತಿರುಗಿ ಮಂದಿಯ ಹೊಲ, ಮನೆ, ಹಿತ್ತಲು ಅಳೆದು ಕೊಡುವುದೇ ನನ್ನ ಅನ್ನ. ನೆಟ್ಟಗಿನ ಗೆರೆ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟು ಗೆರೆ ಎಳೆದವಳಾಗಿಯೇ ಹೇಳುತ್ತೇನೆ: ನಾನು ಕಂಡ ಗೋಡೆಗಳಲ್ಲೆಲ್ಲ ಸರಿಯಾಗಿ ಕಟ್ಟಿದ ಗೋಡೆ ಅದೊಂದೇ.

ಗೋಡೆ ಬಳಸಿಕೊಂಡಿರುವುದು ಒಂದು ಗುಲಾಬಿ ಗಿಡವನ್ನು. ಗುಲಾಬಿ ಎಂದರೆ ನಿಮ್ಮ ಕಣ್ಣಿಗೆ ಬರುವ, ಮದುವೆ ಹಾರದ ದೊಡ್ಡ ಹೂವಿನ ಗಿಡವಲ್ಲ. ಇದು ಮೊಣಕಾಲಿನ ಮೇಲೆ ಬೆಳೆಯುವುದಿಲ್ಲ. ಬುಡದಿಂದಲೇ ಹತ್ತಾರು ಟೊಂಗೆ ಒಡೆದು, ಕೋಳಿ ಮರಿಗಳ ಮೇಲೆ ಕೂತ ಹಾಗೆ ನೆಲಕ್ಕೆ ಒತ್ತಿಕೊಂಡು ಕೂರುತ್ತದೆ. ಹೂ ಅಡಿಕೆಗಿಂತ ಸ್ವಲ್ಪ ದೊಡ್ಡದು. ಮೊಗ್ಗಿನಲ್ಲಿ ಕಡುಗೆಂಪು, ಅರಳಿದಾಗ ತಿಳಿ ಗುಲಾಬಿ, ಬಿಸಿಲು ತಿಂದು ಸಂಜೆಗೆ ಹೆಚ್ಚುಕಡಿಮೆ ಬಿಳಿ. ಎಸಳುಗಳು ಎಷ್ಟು ಒತ್ತಾಗಿವೆಯೆಂದರೆ ಇರುವೆ ಒಳಹೊಕ್ಕರೆ ಹೊರಬರಲು ಒದ್ದಾಡುತ್ತದೆ. ವಾಸನೆಯಂತೂ ಹಿಂಬಾಗಿಲು ತೆರೆದರೆ ಪಡಸಾಲೆಯವರೆಗೂ ಬರುತ್ತಿತ್ತು. ಇದರ ಜಾತಿ ಯಾವುದೆಂದು ನರ್ಸರಿಯವರಿಗೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಇದರ ಹೆಸರು ಕುಳ್ಳಿ.

ಕುಳ್ಳಿ ನಮ್ಮ ಮನೆಗೆ ಬಂದದ್ದು ಅಪ್ಪನ ತಂಗಿ ನೀಲತ್ತಿಯ ಜೊತೆಗೆ, ಒಂದು ಬುತ್ತಿ ಡಬ್ಬಿಯಲ್ಲಿ. ನಾನು ಆಗಷ್ಟೇ ಶಾಲೆಗೆ ಹೋಗಲು ಶುರು ಮಾಡಿದ್ದೆ. ಅತ್ತಿಯನ್ನು ಚಡಚಣಕ್ಕೆ ಕೊಟ್ಟಿದ್ದರು, ದ್ರಾಕ್ಷಿ ತೋಟದ ದೊಡ್ಡ ಮನೆತನ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. ಅಕ್ಕತಂಗಿಯರ ಹಾಗೆ ಇರಿ ಎಂದು ಇಬ್ಬರಿಗೂ ಬುದ್ಧಿ ಬೇರೆ ಹೇಳಿದನಂತೆ. ಅತ್ತಿ ಅವನಿಗೆ ಕೊಟ್ಟ ಉತ್ತರವನ್ನು ನಮ್ಮೂರಿನ ಹೆಂಗಸರು ಬಾವಿಕಟ್ಟೆಯಲ್ಲಿ ಎಷ್ಟೋ ವರ್ಷ ಹೇಳಿಕೊಂಡು ನಕ್ಕಿದ್ದಾರೆ:

‘ನನಗ ತಂಗಿ ಬೇಕಾಗಿದ್ರ ನಮ್ಮವ್ವ ಹಡೀತಿದ್ಲು. ನೀ ತರೂದು ಬ್ಯಾಡಾಗಿತ್ತು.’

ಹೊರಟು ನಿಂತ ಸೊಸೆಯನ್ನು ತಡೆಯಲು ಆಕೆಯ ಅತ್ತೆಗೆ ಧೈರ್ಯವಿರಲಿಲ್ಲ. ಮಗನನ್ನು ಬೈಯಲೂ ಧೈರ್ಯವಿರಲಿಲ್ಲ. ಆ ಮುದುಕಿ ಹಿತ್ತಲಿಗೆ ಹೋಗಿ, ತನ್ನ ತವರಿನಿಂದ ತಂದು ಬೆಳೆಸಿದ್ದ ಗಿಡದ ಎರಡು ಕಡ್ಡಿ ಕತ್ತರಿಸಿ, ಒದ್ದೆ ಅರಿವೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಕೊಟ್ಟಳು.

‘ಮನಿ ಉಳಿಸಿ ಕೊಡೂದು ನನ್ನ ಕೈಲಿ ಆಗಲಿಲ್ಲವಾ. ಇದನ್ನರ ಒಯ್ಯಿ.’

ಮುಂದೆ ಆ ಮುದುಕಿ ಸತ್ತ ಮೇಲೆ ಅವಳ ಗಿಡವನ್ನು ಕಿತ್ತು ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ ಹಾಕಿದರೆಂದು ಕೇಳಿದೆವು. ಹಾಗಾಗಿ ನಮ್ಮ ಹಿತ್ತಲಲ್ಲಿ ಇರುವುದೊಂದೇ ಉಳಿಯಿತು.

ನಮ್ಮದು ಎರೆ ಭೂಮಿ. ಬಿಳಿಜೋಳಕ್ಕೆ, ಕಡಲೆಗೆ ಅದು ಬಂಗಾರ. ಗುಲಾಬಿಗೆ ಮಾತ್ರ ಸವತಿ. ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಅದೇ ಬೇರನ್ನು ಹರಿಯುತ್ತದೆ. ಅತ್ತಿ ಹಿತ್ತಲ ನಡುವೆ ತನ್ನ ಸೊಂಟದುದ್ದ ಕುಣಿ ತೋಡಿದಳು. ತಳಕ್ಕೆ ಒಡೆದ ಗಡಿಗೆಗಳ ಚೂರು ಹಾಸಿದಳು. ಹಳ್ಳದ ಕಡೆಯಿಂದ ಬುಟ್ಟಿಯಲ್ಲಿ ಕೆಂಪು ಮಸಾರಿ ಮಣ್ಣು ಹೊತ್ತು ತಂದಳು, ಕುರಿ ತರುಬಿದ ಹೊಲದಿಂದ ಹಿಕ್ಕೆ ಆರಿಸಿ ತಂದಳು, ಎರಡನ್ನೂ ಎರೆ ಮಣ್ಣಿಗೆ ಕಲಸಿದಳು. ಕಡ್ಡಿಯ ತುದಿಗೆ ಸೆಗಣಿ ಉಂಡೆ ಮೆತ್ತಿ ಊರಿದಳು. ಒಂದು ಕಡ್ಡಿ ಒಣಗಿತು, ಇನ್ನೊಂದು ಚಿಗುರಿತು. ಅಪ್ಪನ ಅಪ್ಪ, ನಮ್ಮ ಮುತ್ಯಾ, ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಮಗಳು ಯಾಕೆ ಬಂದಳೆಂದು ಒಮ್ಮೆಯೂ ಕೇಳಲಿಲ್ಲ. ಗಿಡಕ್ಕೆ ಮೇಕೆ ಬಾಯಿ ಹಾಕದ ಹಾಗೆ ಜಾಲಿ ಮುಳ್ಳಿನ ಬೇಲಿ ಕಟ್ಟಿಕೊಟ್ಟ, ಅಷ್ಟೇ.

ಮನೆ ದೊಡ್ಡದು, ಮಣ್ಣಿನ ಮಾಳಿಗೆಯದು, ಎರಡು ಮೊಳ ದಪ್ಪದ ಗೋಡೆಗಳು. ಬೇಸಿಗೆಯಲ್ಲಿ ಪಡಸಾಲೆ ತಣ್ಣಗಿರುತ್ತಿತ್ತು, ಅಡುಗೆಮನೆ ಮಾತ್ರ ಸದಾ ಕುದಿಯುತ್ತಿತ್ತು. ಅಲ್ಲಿ ಮೂವರು ಹೆಂಗಸರು: ನನ್ನ ಅವ್ವ, ಕಾಕಾನ ಹೆಂಡತಿ ಶಿವಕ್ಕ ಕಾಕಿ, ಮತ್ತು ನೀಲತ್ತಿ. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ನಮಗೆ ಎಚ್ಚರ. ಬಡಿಯುವವಳು ಅತ್ತಿ. ಅವಳ ರೊಟ್ಟಿ ಎಷ್ಟು ತೆಳ್ಳಗೆಂದರೆ ಬೆಳಕಿಂಡಿಗೆ ಹಿಡಿದರೆ ಬೆಳಕು ಕಾಣಬೇಕು. ಗಂಡಸರು ಉಂಡೆದ್ದ ಮೇಲೆ ಮೂವರೂ ಒಲೆಯ ಮುಂದೆ ಕೂತು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಇಟ್ಟುಕೊಂಡರೆಂದರೆ ಜಗಳಕ್ಕೆ ಹೊತ್ತಾಯಿತು ಎಂದೇ ಲೆಕ್ಕ. ಅವ್ವ ಮಾತಿಗೆ ಹಿಂದೆ. ಕಾಕಿ ಮುಂದೆ. ಅವಳ ಬಾಯಲ್ಲಿ ಒಂದು ಗಾದೆ ಯಾವಾಗಲೂ ಸಿದ್ಧ.

‘ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತ ಹಿರ್‍ಯಾರು ಸುಮ್ಮನ ಹೇಳ್ಯಾರೇನು?’

‘ಹೌದವಾ, ಹೊರಗಿನಾಕಿ ನಾನು. ಹೊರಗಿನಾಕಿ ಬಡದ ರೊಟ್ಟಿ ಒಳಗಿನಾಕಿ ತಿನ್ನಾಕತ್ತೀ. ಇನ್ನೊಂದು ಹಾಕ್ಲೇನು?’

ಕಾಕಿ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದಳು. ಜಗಳ ಬೇರೆ, ಹಸಿವು ಬೇರೆ.

ಗಿಡ ಮೊದಲ ಹೂ ಬಿಟ್ಟ ವರ್ಷ ಕಾಕಿಗೆ ಕೊಟ್ಟಿಗೆಯಲ್ಲಿ ಕಾಲು ಜಾರಿತು, ಎಮ್ಮೆ ಹಾಲು ಬತ್ತಿತು, ಕಾಕಾನಿಗೂ ಅಪ್ಪನಿಗೂ ಮಾತು ಬಿಟ್ಟುಹೋಯಿತು. ಎಲ್ಲಕ್ಕೂ ಕಾರಣ ಗುಲಾಬಿಯ ಮುಳ್ಳು ಎಂದು ಕಾಕಿ ಕಂಡುಹಿಡಿದಳು.

‘ಮನಿ ಅಂಗಳದಾಗ ಮುಳ್ಳಿನ ಗಿಡ ಹಚ್ಚಿದ್ರ ಜಗಳ ತಪ್ಪಂಗಿಲ್ಲ. ಅದನ್ನ ಕಿತ್ತು ಒಗೀರಿ ಅಕ್ಕಾರ.’

‘ಏ ಶಿವಕ್ಕ, ನಿನ್ನ ತವರುಮನಿ ಇಂಡ್ಯಾಗ ಐತಿ. ಮನಿ ಸುತ್ತ ನಿಂಬಿ ತ್ವಾಟ. ನಿಂಬಿ ಮುಳ್ಳು ನನ್ನ ಬೆರಳಿನಷ್ಟು ಉದ್ದ ಇರ್ತಾವು. ಅಲ್ಲಿ ಯಾರೂ ಜಗಳಾನ ಆಡಂಗಿಲ್ಲೇನು?’

‘ನಿಂಬಿ ಮಾತ ಬ್ಯಾರೆ. ಅದು ರೊಕ್ಕ ಕೊಡ್ತೈತಿ.’

‘ಹಂಗಾರ ರೊಕ್ಕದ ಮುಳ್ಳು ಚುಚ್ಚಂಗಿಲ್ಲ ಅಂತಾತು. ಭಾಗೀ, ಕೇಳಿದಿಲ್ಲ? ನೆನಪಿಡು.’

ಭಾಗಿ ಎಂದರೆ ನಾನು. ನೆನಪಿಟ್ಟಿದ್ದೇನೆ. ಹೀಗೆ ಅವಳು ಯಾರಿಗೋ ಉತ್ತರ ಕೊಡುತ್ತ ನಡುವೆ ನನ್ನ ಹೆಸರು ಹಿಡಿದು ಕೂಗುವುದು ನನಗೆ ಬಹಳ ಸೇರುತ್ತಿತ್ತು. ಶಾಲೆಯ ಪಾಠ ಎಷ್ಟೋ ಮರೆತಿದೆ, ಅವಳ ಉತ್ತರಗಳು ಒಂದೂ ಮರೆತಿಲ್ಲ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಮನೆಯಲ್ಲಿ ತಲೆಗೆ ಇಷ್ಟೇ ನೀರೆಂದು ಹಂಚಿಕೆ. ಅತ್ತಿ ತನ್ನ ಜಳಕದ ನೀರನ್ನು ಗಿಡಕ್ಕೆ ಸುರಿದು ಒದ್ದೆ ಅರಿವೆಯಲ್ಲಿ ಮೈ ಒರೆಸಿಕೊಂಡು ಏಳುತ್ತಿದ್ದಳು. ಜನಕ್ಕೆ ಕುಡಿಯಲು ನೀರಿಲ್ಲ, ಗಿಡಕ್ಕೆ ಜಳಕವೇ ಎಂದು ಕಾಕಾ ಹಾರಾಡಿದರೆ, ‘ನನ್ನ ಪಾಲಿನ ನೀರು. ನಾತ ಬಂದ್ರ ನನ್ನ ಮೈಯಿಂದ ಬರ್ತೈತಿ, ದೂರ ಕೂಡು’ ಎಂದು ಕೊಡ ಬೋರಲು ಹಾಕುತ್ತಿದ್ದಳು. ಸಂಜೆ ಎರಡು ಹೂ ಕಿತ್ತು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅದನ್ನು ಊರು ಸಹಿಸಲಿಲ್ಲ. ಗಂಡ ಸತ್ತವಳು ಮುಡಿಯಬಾರದೆಂಬುದಕ್ಕೆ ಅವರ ಬಳಿ ಕಟ್ಟಳೆ ಇತ್ತು. ಬಿಟ್ಟು ಬಂದವಳಿಗೆ ಏನೂ ಇರಲಿಲ್ಲ, ಅದಕ್ಕೇ ಅವರಿಗೆ ಇನ್ನೂ ಸಿಟ್ಟು.

‘ಗಂಡನ್ನ ಬಿಟ್ಟಾಕಿ ಯಾರ ಸಲುವಾಗಿ ಹೂ ಮುಡೀತೀಯವ್ವಾ?’

‘ನನ್ನ ತಲಿ ಸಲುವಾಗಿ. ತಲಿ ಇನ್ನೂ ನಂದ ಐತಿ.’

ಪ್ರತಿ ವರ್ಷ ದಸರೆ ಕಳೆದ ಮೇಲೆ ಅವಳು ಗಿಡಕ್ಕೆ ಚಾಟ್ನಿ ಮಾಡುತ್ತಿದ್ದಳು. ದ್ರಾಕ್ಷಿ ಬಳ್ಳಿಯನ್ನು ಹೊಸ ಫಸಲಿಗಾಗಿ ಕತ್ತರಿಸುವುದಕ್ಕೆ ಚಡಚಣದ ಕಡೆ ಚಾಟ್ನಿ ಎನ್ನುತ್ತಾರೆ. ಗಂಡನ ಮನೆಯಿಂದ ಅವಳು ಕಲಿತು ತಂದ ವಿದ್ಯೆ ಅದೊಂದೇ. ಮೊದಲ ಸಲ ಅವಳು ಕತ್ತರಿ ಹಿಡಿದು ಟೊಂಗೆಗಳನ್ನೆಲ್ಲ ಗೇಣುದ್ದಕ್ಕೆ ಇಳಿಸಿದಾಗ ನಾನು ಅತ್ತು ರಂಪ ಮಾಡಿದೆ. ಅವಳು ಕತ್ತರಿಸಿದ ತುದಿಗಳಿಗೆ ಸೆಗಣಿ ಮೆತ್ತುತ್ತ ನಕ್ಕಳು.

‘ಅಳಬ್ಯಾಡ ಹುಚ್ಚಿ. ಕತ್ತರಿಸಿದಲ್ಲೇ ಹೊಸಾ ಕಣ್ಣು ಒಡೀತಾವು. ನನ್ನ ನೋಡು, ನಿಂತೇನಿಲ್ಲ?’

ಮುತ್ಯಾ ತೀರಿಕೊಂಡ ಮೇಲೆ ಮನೆಯಲ್ಲಿ ಒಲೆ ಎರಡಾದವು. ಆಗ ನಾನು ದೊಡ್ಡ ಶಾಲೆಗೆ ಹೋಗುತ್ತಿದ್ದೆ, ಏನು ನಡೆಯುತ್ತಿದೆ ಎಂದು ತಿಳಿಯುವ ವಯಸ್ಸು. ಪಾಲು ಮಾಡಿಕೊಡಲು ಊರ ಹಿರಿಯ ಬಸಲಿಂಗಪ್ಪ ಮುತ್ಯಾ ಇನ್ನಿಬ್ಬರನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂತ. ಹೊಲ, ದನ, ಭಾಂಡೆ ಎಲ್ಲ ಸರಾಗವಾಗಿ ಎರಡಾದವು. ಹಿತ್ತಲಿಗೆ ಬಂದಾಗ ಗೌಂಡಿ ಹಿಂಬಾಗಿಲಿನಿಂದ ಬೇವಿನ ಮರಕ್ಕೆ ಹಗ್ಗ ಎಳೆದು ಬಿಗಿದ. ಹಗ್ಗ ನೇರವಾಗಿ ಕುಳ್ಳಿಯ ನೆತ್ತಿಯ ಮೇಲೆ ಬಂತು. ಗಿಡ ಕಿತ್ತು ಎಣ್ಣೆ ಡಬ್ಬಿಯಲ್ಲಿ ಹಚ್ಚಿದರಾಯಿತು ಎಂದ ಕಾಕಾ. ಎಲ್ಲರೂ ಹೂಂಗುಟ್ಟಿದರು. ಆಮೇಲೆ ನೀಲತ್ತಿಯ ಮಾತು ಬಂತು. ಅದಕ್ಕೂ ಅವರು ಅಷ್ಟೇ ಹೊತ್ತು ತೆಗೆದುಕೊಂಡರು. ಆರು ತಿಂಗಳು ಅಣ್ಣನ ಮನೆಯಲ್ಲಿ ಉಣ್ಣಲಿ, ಆರು ತಿಂಗಳು ತಮ್ಮನ ಮನೆಯಲ್ಲಿ ಉಣ್ಣಲಿ. ಇಬ್ಬರ ಹಂಚಿಕೆಯಲ್ಲಿ ಒಂದೇ ಎತ್ತು ಉಳಿದರೆ ನಮ್ಮ ಕಡೆ ಹೀಗೇ ಮಾಡುತ್ತಾರೆ. ಅತ್ತಿ ಕಂಬಕ್ಕೆ ಒರಗಿ ನಿಂತು ಕೇಳಿದಳು. ಯಾರಾದರೂ ಏನಾದರೂ ಹೇಳಲಿ ಎಂದು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡುತ್ತಿದ್ದ.

ಪಾಲು ಮುಗಿದ ಮೇಲೆ ಮನೆಮಗಳ ಉಡಿ ತುಂಬುವುದು ನಮ್ಮಲ್ಲಿ ಪದ್ಧತಿ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು, ಒಂದು ಖಣ ಅವಳ ಸೆರಗಿಗೆ ಹಾಕುತ್ತಾರೆ. ಅವಳು ತವರು ತಣ್ಣಗಿರಲಿ ಎಂದು ಹರಸಿ ಏಳುತ್ತಾಳೆ. ಅಲ್ಲಿಗೆ ಅವಳ ಹಕ್ಕು ತೀರಿತು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಆದರೆ ಅದೇ ಪದ್ಧತಿಗೆ ಇನ್ನೊಂದು ಮಗ್ಗುಲಿದೆ. ಉಡಿ ಒಡ್ಡಿದ ಮಗಳು ಕೇಳಿದ್ದನ್ನು ಇಲ್ಲ ಎನ್ನಬಾರದು. ಉಡಿಗೆ ಬಿದ್ದದ್ದನ್ನು ಹಿಂದೆ ತೆಗೆದುಕೊಳ್ಳಬಾರದು. ಯಾವ ಮಗಳೂ ಏನೂ ಕೇಳುವುದಿಲ್ಲವಾದ್ದರಿಂದ ಊರು ಈ ಮಗ್ಗುಲನ್ನು ಮರೆತಿತ್ತು. ಅತ್ತಿ ಮರೆತಿರಲಿಲ್ಲ. ಮಣೆಯನ್ನು ಪಡಸಾಲೆಯಿಂದ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಗಿಡದ ಪಕ್ಕಕ್ಕೆ ಹಾಕಿ, ಹಗ್ಗದ ಕೆಳಗೇ ಕೂತಳು. ಸೆರಗು ಒಡ್ಡಿದಳು. ಕಾಕಿ ತಾಟಿನಿಂದ ಬೊಗಸೆ ಅಕ್ಕಿ ಎತ್ತಿದಾಗ ಕೈ ಅಡ್ಡ ಹಿಡಿದಳು.

‘ಅಕ್ಕಿ ಬ್ಯಾಡ.’

‘ಮತ್ತೇನು ಬೇಕು ಕೇಳವಾ. ಮನಿಮಗಳು ಉಡಿ ಒಡ್ಡಿದಾಗ ಇಲ್ಲನ್ನಬಾರದು’ ಎಂದ ಬಸಲಿಂಗಪ್ಪ ಮುತ್ಯಾ. ಒಂದು ಇಳಕಲ್ಲ ಸೀರೆ ಕೇಳಿಯಾಳು ಎಂದುಕೊಂಡಿರಬೇಕು.

‘ಮಣ್ಣು ಹಾಕ್ರಿ. ಈ ಗಿಡದ ಬುಡದ್ದು.’

ಕಾಕಿಯ ಕೈಯಿಂದ ಅಕ್ಕಿ ತಾಟಿಗೆ ಸುರಿಯಿತು.

‘ಅಯ್ಯ ಶಿವನ! ಉಡ್ಯಾಗ ಮಣ್ಣು ಹಾಕ್ತಾರೇನ್ರಿ? ಇಂಥಾ ಅಪಶಕುನ ಎಲ್ಲೆರ ಕಂಡೀರೇನು? ನಾ ಒಲ್ಲೆ. ಈ ಕೈಲಿ ನಾ ಹಾಕಾಂಗಿಲ್ಲ.’

‘ಅಪಶಕುನ ಹೆಂಗಾಗತೈತಿ? ಶೀಗಿ ಹುಣ್ಣಿವಿ ದಿನ ಹೊಲಕ್ಕ ಹೋಗಿ ಭೂಮ್ತಾಯಿ ಉಡಿ ತುಂಬಿ ಬರ್ತೀರಿ. ಆಕಿ ಉಡಿ ನಾವು ತುಂಬಬಹುದು, ನನ್ನ ಉಡಿ ಆಕಿ ತುಂಬಬಾರದೇನು?’

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಬಸಲಿಂಗಪ್ಪ ಮುತ್ಯಾ ಗಂಟಲು ಸರಿಮಾಡಿಕೊಂಡ.

‘ಮಣ್ಣು ಹಾಕಿದ್ರ ನೆಲ ಕೊಟ್ಟಂಗ ಆಗತೈತಿ ಮಗಳ.’

‘ಅದನ್ನ ಕೇಳಾಕತ್ತೇನ್ರಿ. ಹೊಲ ಬ್ಯಾಡ, ದನ ಬ್ಯಾಡ. ಗಿಡ ನಿಂತ ನೆಲ, ಅದರ ಹಿಂದ ಅಣ್ಣನ ಪಾಲಿಗೆ ಬಂದ ದನದ ಹೊಟ್ಟಿನ ಕ್ವಾಣಿ. ಇಷ್ಟ.’

‘ಅಕ್ಕಾ, ಡಬ್ಬ್ಯಾಗ ಹಚ್ಚಿ ಕೊಡ್ತೇನಂತ ಹೇಳೇನಲ್ಲ’ ಎಂದ ಕಾಕಾ. ‘ಆ ಮನಿ, ಈ ಮನಿ, ಎಲ್ಲಿ ಹೋದ್ರೂ ಒಯ್ಯಾಕ ಬರ್ತೈತಿ.’

‘ತಮ್ಮಾ, ನನ್ನ ಒಮ್ಮಿ ಇಲ್ಲಿಂದ ಕಿತ್ತು ಅಲ್ಲಿ ಹಚ್ಚಿದ್ರಿ. ಅವರು ಅಲ್ಲಿಂದ ಕಿತ್ತು ಒಗದ್ರು. ಇನ್ನ ಆರಾರು ತಿಂಗಳಿಗೊಮ್ಮಿ ಕೀಳಬೇಕಂತ ನೀವು ಮಾಡೀರಿ. ಈ ಗಿಡ ನಾ ಕೀಳಗೊಡಂಗಿಲ್ಲ. ನಾನೂ ಏಳಂಗಿಲ್ಲ.’

ಅವಳು ಕೂತೇ ಇದ್ದಳು. ಬಿಸಿಲು ನೆತ್ತಿಗೆ ಬಂತು. ಅವ್ವ ಅಪ್ಪನ ಕಡೆ ನೋಡಿದಳು, ಕಾಕಿ ಮುಖ ತಿರುವಿದಳು, ಗೌಂಡಿ ಒಂದು ಬೀಡಿ ಮುಗಿಸಿ ಇನ್ನೊಂದು ಹಚ್ಚಿದ. ಉಡಿ ತುಂಬುವುದು ಹೆಂಗಸರ ಕೆಲಸ, ಗಂಡಸರು ಅದರಲ್ಲಿ ಕೈ ಹಾಕುವುದಿಲ್ಲ. ನನ್ನ ಅಪ್ಪ ಜೀವಮಾನವಿಡೀ ಯಾರಿಗೂ ಎದುರಾಡದ ಮನುಷ್ಯ. ಅಂಥವನು ಎದ್ದು ಬಂದು, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಮಣ್ಣು ಕೆದರಿ ಬೊಗಸೆ ತುಂಬ ಎತ್ತಿ ತಂಗಿಯ ಸೆರಗಿಗೆ ಹಾಕಿದ. ಅವನ ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ನನ್ನ ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

‘ಹಗ್ಗ ಸಡ್ಲ ಮಾಡಪಾ. ಗಿಡಾ ಬಳಸಿ ಕಟ್ಟು’ ಎಂದ ಬಸಲಿಂಗಪ್ಪ ಮುತ್ಯಾ ಗೌಂಡಿಗೆ.

‘ಗ್ವಾಡಿ ಸೊಟ್ಟ ಆಗತೈತ್ರಿ!’ ಎಂದ ಕಾಕಾ.

‘ಆಗ್ಲಿ ಬಿಡು. ಮಾತು ಸೊಟ್ಟ ಆಗಬಾರದು.’

ಅತ್ತಿ ಉಡಿಯ ಮಣ್ಣನ್ನು ಮತ್ತೆ ಗಿಡದ ಬುಡಕ್ಕೇ ಸುರಿದು ಕೈ ಕೊಡವಿಕೊಂಡು ಎದ್ದಳು. ಅವತ್ತೇ ಹೊಟ್ಟಿನ ಕೋಣೆ ಗುಡಿಸಿ, ಸಾರಿಸಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಒಣ ಕಟಕ್ ರೊಟ್ಟಿ ಬಡಿದು, ಅರಿವೆಯಲ್ಲಿ ಕಟ್ಟಿ, ಬಸ್ಸಿನಲ್ಲಿ ಬಸವನ ಬಾಗೇವಾಡಿಯ ಖಾನಾವಳಿಗೆ ಒಯ್ದು ಕೊಡತೊಡಗಿದಳು. ಅಲ್ಲಿಂದ ಮುಂದೆ ಅವಳು ಯಾರ ಮನೆಯ ಸರದಿಯ ಊಟವನ್ನೂ ಉಣ್ಣಲಿಲ್ಲ. ಹಬ್ಬಕ್ಕೆ ಕರೆದರೆ ಬರುತ್ತಿದ್ದಳು, ಅತಿಥಿಯ ಹಾಗೆ ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಬರುತ್ತಿದ್ದಳು. ನಾನು ಓದಿ ಮುಗಿಸಿದಾಗ, ಮದುವೆ ಮಾಡಿ ಕಳಿಸೋಣ ಎಂದು ಮನೆಯವರು ಹೊರಟರು. ಅತ್ತಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ನಿಂತಳು.

‘ಆಕಿ ಮೋಜಣಿ ಕೆಲಸಾ ಕಲೀತೇನಿ ಅಂತಾಳ, ಕಲೀಲಿ. ನೆಲ ಅಳ್ಯಾವ್ರು ಬರೇ ಗಂಡಸರ ಆದ್ರ ಹಗ್ಗ ಯಾವಾಗಲೂ ಹೆಣ್ಮಕ್ಕಳ ನೆತ್ತಿ ಮ್ಯಾಲ ಬರ್ತೈತಿ.’

ಇನ್ನೊಂದು ಹೇಳಬೇಕು. ಗೋಡೆಯ ಬುಡದಲ್ಲಿ ಮಳೆನೀರು ಹರಿದುಹೋಗಲು ಗೌಂಡಿ ಒಂದು ಕಂಡಿ ಬಿಟ್ಟಿದ್ದ. ಕುಳ್ಳಿಯ ಒಂದು ಟೊಂಗೆ ಅದರೊಳಗೆ ತೂರಿ ಕಾಕಾನ ಹಿತ್ತಲಿಗೆ ಹೋಗಿ ಅಲ್ಲಿ ಹೂ ಬಿಟ್ಟಿತು. ಒಂದು ಬೆಳಗ್ಗೆ ನಾನು ಮಾಳಿಗೆಯ ಮೇಲೆ ಹಪ್ಪಳ ಹರವುತ್ತ ಕೆಳಗೆ ನೋಡಿದರೆ, ಶಿವಕ್ಕ ಕಾಕಿ ಜಳಕ ಮಾಡಿ ಒದ್ದೆ ಕೂದಲಲ್ಲಿ ಬಂದು, ಅತ್ತಿತ್ತ ನೋಡಿ, ಆ ಹೂಗಳನ್ನು ಬಿಡಿಸಿಕೊಂಡು ಒಳಗೆ ಹೋದಳು. ಅವಳ ಲಿಂಗಪೂಜೆಗೆ. ಮುಳ್ಳಿನ ಗಿಡ ಕಿತ್ತು ಒಗೆಯಿರಿ ಎಂದವಳು! ನನಗೆ ಮೈ ಉರಿದು ಹೋಯಿತು. ಓಡಿ ಬಂದು ಅತ್ತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

‘ನನಗ ಗೊತ್ತಿಲ್ಲೇನು? ಎಷ್ಟು ದಿನದಿಂದ ನೋಡಾಕತ್ತೇನಿ. ಬಿಡು, ಬೈದ ಬಾಯಿಗೂ ಹೂವಿನ ವಾಸನಿ ತಿಳೀಲಿ. ಚಾಟ್ನಿ ಮಾಡುವಾಗ ಆ ಟೊಂಗಿ ನೀ ಮುಟ್ಟಬ್ಯಾಡ.’

ಗೋಡೆಯ ಎರಡೂ ಕಡೆಯಿಂದ ಅತ್ತಿ ಬದುಕಿರುವ ತನಕ ಅವರಿಬ್ಬರೂ ಬೈದಾಡಿದರು. ಕೋಳಿಗೆ, ಹೊಗೆಗೆ, ಬೇವಿನ ಎಲೆ ಉದುರಿದ್ದಕ್ಕೆ, ಯಾವುದಕ್ಕಾದರೂ ಸರಿ. ಆ ಟೊಂಗೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಅತ್ತಿ ಹೋದ ಮೇಲೆ ಗಿಡ ನನ್ನ ಪಾಲಿಗೆ ಬಂತು. ಅವಳಿರುವಾಗಲೇ ಟೊಂಗೆ ಬಗ್ಗಿಸಿ, ಮಣ್ಣು ಮುಚ್ಚಿ, ಬೇರು ಬಂದ ಮೇಲೆ ಕಡಿದು ಸಿಂದಗಿಗೆ ಒಯ್ದಿದ್ದೆ, ಇಂಡಿಗೂ ಒಯ್ದಿದ್ದೆ. ಎಲೆ ಚಿಗುರುತ್ತಿತ್ತು, ಹೂ ಮಾತ್ರ ಬಿಡಲಿಲ್ಲ. ಬಾಡಿಗೆ ಮನೆಯ ಕುಂಡದಲ್ಲಿ ಕುಳ್ಳಿ ಹೂ ಬಿಡುವುದಿಲ್ಲ. ಬಿಡುತ್ತೇನೆ ಎಂದು ಅದು ಯಾರಿಗೂ ಮಾತು ಕೊಟ್ಟಿಲ್ಲ. ಅಪ್ಪ ಇಲ್ಲ, ಅವ್ವ ನನ್ನ ಜೊತೆ ಮುದ್ದೇಬಿಹಾಳದಲ್ಲಿದ್ದಾಳೆ. ನಮ್ಮ ಪಾಲಿನ ಮನೆಯಲ್ಲಿ ಶಾಲೆಯ ಮಾಸ್ತರರೊಬ್ಬರ ಸಂಸಾರ ಬಾಡಿಗೆಗಿದೆ. ಗುಲಾಬಿಗೆ ನೀರು ಹಾಕುವುದು ಬಾಡಿಗೆಯ ಮೊದಲ ಕರಾರು. ಪ್ರತಿ ದಸರೆ ಕಳೆದ ಮೇಲೆ ನಾನು ಕತ್ತರಿ ಹಿಡಿದುಕೊಂಡು ಬಸ್ಸು ಹತ್ತುತ್ತೇನೆ.

ಈ ಸಲ ಹೊರಡುವ ಮೊದಲೇ ಕಾಕಾನ ಮಗ ಸಿದ್ದುವಿನ ಫೋನು ಬಂತು. ಸಿದ್ದು ಕೆಟ್ಟವನಲ್ಲ. ಕಾಕಾ ಹೋದ ಮೇಲೆ ಸಂಸಾರ ಚೆನ್ನಾಗಿ ನಡೆಸಿದ್ದಾನೆ, ಹಳೆಯ ಮಾಳಿಗೆ ಇಳಿಸಿ ಸ್ಲ್ಯಾಬಿನ ಮನೆ ಹಾಕಿದ್ದಾನೆ, ಕಾರು ತಂದಿದ್ದಾನೆ. ಕಾರು ಹಿತ್ತಲಿಗೆ ತಿರುಗಲು ಗೋಡೆಯ ಹೊಟ್ಟೆ ಅಡ್ಡ ಬರುತ್ತದೆ.

‘ಅಕ್ಕಾ, ಗ್ವಾಡಿ ಸೀದಾ ಮಾಡಸ್ತೇನಿ. ನೀನ ಮೋಜಣ್ಯಾಕಿ, ಬಂದು ಗುರ್ತು ಹಾಕಿ ಕೊಡು. ಗುಲಾಬಿದು ಚಿಂತಿ ಮಾಡಬ್ಯಾಡ, ನರ್ಸರ್‍ಯಾಗಿಂದು ಇದಕ್ಕಿಂತ ದೊಡ್ಡ ಹೂವಿನವು ಬೇಕಾದಷ್ಟು ತಂದು ಕೊಡ್ತೇನಿ.’

ಬಸ್ಸಿನಲ್ಲಿ ಕೂತು ಹಲ್ಲು ಕಚ್ಚಿಕೊಂಡೇ ಹೋದೆ. ಯಾಕೆಂದರೆ ಅವನ ಮಾತು ಕಾಗದದ ಪ್ರಕಾರ ಸರಿಯಿತ್ತು. ನಕಾಶೆಯಲ್ಲಿ ಹಿಂಬಾಗಿಲಿನಿಂದ ಬೇವಿನ ಮರದವರೆಗೆ ಗೆರೆ ನೆಟ್ಟಗೇ ಇದೆ. ಉಡಿಗೆ ಬಿದ್ದ ಮಣ್ಣಿಗೆ ನಕಾಶೆಯಲ್ಲಿ ಜಾಗವಿಲ್ಲ. ಅಂದು ಕೂತ ಹಿರಿಯರು ಯಾರೂ ಇಲ್ಲ. ಬೇರೆ ಯಾರ ಮನೆಯದಾದರೂ ಆಗಿದ್ದರೆ ನಾನೇ ಗೂಟ ಹೊಡೆದು ಗೋಡೆ ನೆಟ್ಟಗೆ ಮಾಡಿಸುತ್ತಿದ್ದೆ. ಇದು ಬೇರೆಯವರ ಮನೆಯಲ್ಲ. ಎಲ್ಲರಿಗೂ ಒಂದೇ ನ್ಯಾಯವಲ್ಲವೇ ಎಂದು ಕೇಳುವವರು ಕೇಳಲಿ. ನನ್ನ ಬಳಿ ಇದ್ದದ್ದು ಒಂದು ಕತ್ತರಿ ಮತ್ತು ಒಂದು ಓಢಣಿ.

ಹೋಗುವ ಹೊತ್ತಿಗೆ ಹಿತ್ತಲಲ್ಲಿ ಹೊಸ ಗೌಂಡಿ ಹಗ್ಗ ಬಿಗಿದು ಆಗಿತ್ತು. ಮತ್ತೆ ಅದೇ ನೆತ್ತಿಯ ಮೇಲೆ. ಕಂಡಿಯ ಮೇಲಿನ ಕಲ್ಲುಗಳನ್ನು ಆಗಲೇ ಬುಡದವರೆಗೆ ಇಳಿಸಿದ್ದರು. ಮಾಸ್ತರರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಆಚೆ ಕಡೆ ಬೇವಿನ ನೆರಳಿನ ಹೊರಸಿನ ಮೇಲೆ ಶಿವಕ್ಕ ಕಾಕಿ ಕೂತಿದ್ದಳು. ಈಗ ಅವಳ ಬೆನ್ನು ಪೂರ್ತಿ ಬಾಗಿದೆ. ಸಿದ್ದು ನಗುತ್ತ ಬಂದ.

‘ಬಾ ಅಕ್ಕಾ. ಟೇಪು ತಂದಿಲ್ಲೇನು?’

ನಾನು ಗಿಡದ ಪಕ್ಕ, ಹಗ್ಗದ ಕೆಳಗೆ, ನೆಲದ ಮೇಲೆಯೇ ಕೂತೆ. ಹೆಗಲ ಮೇಲಿನ ಓಢಣಿ ಬಿಚ್ಚಿ ಮಡಿಲ ಮೇಲೆ ಒಡ್ಡಿದೆ.

‘ಮನಿಮಗಳು ಬಂದೇನಿ ಸಿದ್ದು. ಉಡಿ ತುಂಬು.’

ಅವನಿಗೆ ಕಥೆ ಗೊತ್ತು. ನಮ್ಮ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಅವನ ಮುಖ ಕೆಂಪಾಯಿತು.

‘ಅಕ್ಕಾ, ನೀ ಓದಿದಾಕಿ, ಸರಕಾರಿ ನೌಕರಿಯಾಕಿ. ಹಿಂಗ ನಾಟಕ ಮಾಡಬ್ಯಾಡ. ಮಂದಿ ನೋಡಾಕತ್ತಾರ.’

‘ನೋಡ್ಲಿ. ಆವತ್ತೂ ನೋಡಿದ್ರು.’

‘ನಕಾಶ್ಯಾಗ ಏನೈತಿ, ನಿನಗ ಗೊತ್ತಿಲ್ಲೇನು?’

‘ನಿನಗಿಂತ ಚೊಲೋ ಗೊತ್ತೈತಿ. ಮಣ್ಣು ಹಾಕು, ಇಲ್ಲಾ ನನ್ನ ಮ್ಯಾಲ ಗ್ವಾಡಿ ಕಟ್ಟು.’

ಸಿದ್ದು ಸೊಂಟದ ಮೇಲೆ ಕೈ ಇಟ್ಟು ನಿಂತ. ಗೌಂಡಿ ಕರಣಿ ಕೆಳಗಿಟ್ಟ. ಆಗ ಹೊರಸು ಕಿರುಗುಟ್ಟಿತು. ಶಿವಕ್ಕ ಕಾಕಿ ಕೋಲು ಊರುತ್ತ ಎದ್ದು ಬಂದಳು. ಇಳಿಸಿದ ಕಲ್ಲುಗಳ ಮೇಲೆ ಕೈ ಇಟ್ಟು, ಉಸ್ಸೆನ್ನುತ್ತ ಗಿಡದ ಆಚೆ ಮಗ್ಗುಲಲ್ಲಿ ಕುಕ್ಕರಿಸಿದಳು. ನನ್ನ ಮುಖ ನೋಡಲಿಲ್ಲ. ಬುಡದ ಮಣ್ಣು ಕೆದರಿದಳು, ಬೊಗಸೆಗೆ ಎತ್ತಿದಳು, ಗೋಡೆ ಇಳಿಸಿದ ಸಂದಿಯಿಂದ ಕೈ ಚಾಚಿ ನನ್ನ ಓಢಣಿಗೆ ಹಾಕಿದಳು. ಇನ್ನೊಂದು ಬೊಗಸೆ ಹಾಕಿದಳು.

‘ಯವ್ವಾ, ಏನ ಮಾಡಾಕತ್ತಿ ನೀ?’ ಎಂದ ಸಿದ್ದು.

‘ಬಾಯಿ ಮುಚ್ಚು. ನಾಳಿಂದ ನನ್ನ ಲಿಂಗಪೂಜಿಗೆ ಹೂ ನೀ ಬಿಡ್ತೀಯೇನು?’ ಅವಳು ಗೌಂಡಿಯ ಕಡೆ ತಿರುಗಿದಳು. ‘ಏ ತಮ್ಮಾ, ಹಗ್ಗ ಸುತ್ತಿಡು. ಇಳಿಸಿದ ಕಲ್ಲು ಇದ್ದಲ್ಲೇ ಇಡು. ಗ್ವಾಡಿ ಸೊಟ್ಟಾನ ಇರ್ಲಿ.’

ನಾನು ಉಡಿಯ ಮಣ್ಣನ್ನು ಬುಡಕ್ಕೆ ಸುರಿದು, ಮೂಗು ಒರೆಸಿಕೊಂಡು, ಕತ್ತರಿ ತೆಗೆದೆ. ಟೊಂಗೆಗಳನ್ನೆಲ್ಲ ಗೇಣುದ್ದಕ್ಕೆ ಇಳಿಸಿದೆ, ತುದಿಗಳಿಗೆ ಸೆಗಣಿ ಮೆತ್ತಿದೆ. ಕಾಕಿ ಅಲ್ಲೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಕಂಡಿಯ ಟೊಂಗೆಯನ್ನು ನಾನು ಮುಟ್ಟಲಿಲ್ಲ.